ಹೆಸರಿಲ್ಲದ ಬೆಂಚುಗಳು

ದೇವಾಲಯವನ್ನು ಕಟ್ಟುವುದು ಒಂದು ಕೆಲಸ. ಅದರೊಳಗೆ ಜನ ಕುಳಿತುಕೊಳ್ಳುವಂತೆ ಅಣಿಗೊಳಿಸುವುದು ಇನ್ನೊಂದು. ಮೊದಲನೆಯದಕ್ಕೆ ಶಂಕುಸ್ಥಾಪನೆ, ಶಿಲಾಫಲಕ, ಭಾಷಣಗಳ ವೈಭವವುಂಟು. ಎರಡನೆಯದು ಸದ್ದಿಲ್ಲದೆ ವರ್ಷಗಟ್ಟಲೆ ಸಾಗುತ್ತದೆ.

ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿರುವ ಸಂತ ಆಂಡ್ರ್ಯೂ ದೇವಾಲಯವನ್ನು ಓದುಗರಲ್ಲಿ ಹಲವರು ಕಂಡಿರಬಹುದು. ದಂಡಿನ ಸ್ಕಾಟ್ಲೆಂಡಿಗರ ಪ್ರೆಸ್ಬಿಟೇರಿಯನ್ ಸಭೆಗಾಗಿ 1864ರಲ್ಲಿ ಅದರ ಅಡಿಗಲ್ಲು ಬಿತ್ತು. 1866ರಲ್ಲಿ ಆರಾಧನೆ ಆರಂಭವಾಯಿತು. ಅಲ್ಲಿನ ಪೈಪ್ ಆರ್ಗನ್ ಮಾತ್ರ 1881ರದು, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ತಯಾರಾದದ್ದು. ಅಧಿಕಾರವೂ ಸಂಬಳವೂ ಇದ್ದ ಜನರ ದೇವಾಲಯಕ್ಕೇ ಆ ವಾದ್ಯ ಬರಲು ಹದಿನೈದು ವರ್ಷ ಬೇಕಾಯಿತೆಂದ ಮೇಲೆ, ನಮ್ಮ ಸೀಮೆಯ ಬಡ ಸಭೆಗಳ ಪಾಡನ್ನು ಊಹಿಸಿಕೊಳ್ಳಬಹುದು.

'ಪ್ರೆಸ್ಬಿಟೇರಿಯನ್' ಎಂಬುದು 'ಹಿರಿಯ' ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಸಭೆಯೇ ಆರಿಸಿದ ಹಿರಿಯರು ಕೂಡಿ ಕುಳಿತು ತೀರ್ಮಾನಿಸುವುದು ಆ ಪಂಥದ ಪದ್ಧತಿ. ಚಿಕ್ಕಬಳ್ಳಾಪುರಕ್ಕೆ ಬಂದದ್ದು ಲಂಡನ್ ಮಿಷನ್. ಅದರ ಸಭೆಗಳು ಬಹುಮಟ್ಟಿಗೆ ಕಾಂಗ್ರಿಗೇಷನಲ್ ಮಾರ್ಗದವು. ಈ ಎರಡು ಧಾರೆಗಳೂ 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯಲ್ಲಿ ಸಂಗಮಿಸಿ, 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ ಹಾಗೂ ಮೆಥೊಡಿಸ್ಟ್ ಸಭೆಗಳೊಡನೆ ಸಿ.ಎಸ್.ಐ. ಆದವು. ಬಿಷಪ್ಪರು ಬಂದರೂ ಹಿರಿಯರ ಸಮಿತಿಯ ಪದ್ಧತಿ ಉಳಿದುಕೊಂಡಿತು.

ಅದರ ಬೆಲೆ ನನಗೆ ತಿಳಿದದ್ದು ಸಹೋದ್ಯೋಗಿಯಾಗಿದ್ದ ಶಿಕ್ಷಕಿಯೊಬ್ಬರ ಮಾತಿನಿಂದ. ಶಿಡ್ಲಘಟ್ಟದ ಕಡೆಯ ಅವರ ಸಣ್ಣ ಸಭೆ ಹೊಸ ದೇವಾಲಯ ಕಟ್ಟಿತ್ತು. ಗೋಡೆ, ಚಾವಣಿ ಮುಗಿಯುವಷ್ಟರಲ್ಲಿ ಕೈ ಬರಿದಾಗಿ, ಜನ ಚಾಪೆಯ ಮೇಲೆ ಕೂರುತ್ತಿದ್ದರು. ಬೆಂಗಳೂರಿನಲ್ಲಿ ಅನುಕೂಲಸ್ಥರಾಗಿದ್ದ ಸಭೆಯ ಸದಸ್ಯರೊಬ್ಬರು ಎಂಟು ಬೆಂಚು ಮಾಡಿಸಿಕೊಡಲು ಮುಂದೆ ಬಂದರು. ಪ್ರತಿ ಬೆಂಚಿನ ಬೆನ್ನಿಗೂ ತಮ್ಮ ತಂದೆಯ ಹೆಸರು ಕೆತ್ತಿಸಬೇಕೆಂಬುದೊಂದೇ ಅವರ ಕೋರಿಕೆ.

ಕೋರಿಕೆ ಅನ್ಯಾಯದ್ದೇನಲ್ಲ. ನಮ್ಮ ಗುಡಿಗಳ ಮೆಟ್ಟಿಲಿನಿಂದ ಹಿಡಿದು ಶಾಲೆಯ ಬೀರುವಿನವರೆಗೆ ದಾನಿಗಳ ಹೆಸರಿಲ್ಲದ ವಸ್ತುವೇ ಅಪರೂಪ. ಮೊಣಕಾಲು ನೋವಿನ ಮುದುಕಿಯರು ನೆಲದ ಮೇಲೆ ಕುಳಿತಿರುವಾಗ ಬೆಂಚು ಬೇಡವೆನ್ನುವುದೂ ಸುಲಭವಲ್ಲ. ಆದರೂ ಕೂಲಿ ಮಾಡುತ್ತಿದ್ದ ಹಿರಿಯರೊಬ್ಬರು ಎದ್ದು, "ಊರೊಳಗೆ ಇನ್ನೊಬ್ಬರ ಜಗಲಿಯಲ್ಲಿ ಅಪ್ಪಣೆ ಕೇಳಿ ಕೂತವರು ನಾವು ಸ್ವಾಮಿ. ಇಲ್ಲೂ ಇನ್ನೊಬ್ಬರ ಹೆಸರಿನ ಮೇಲೆ ಕೂರಬೇಕೆ?" ಎಂದರಂತೆ. ಸಭೆ ಬಹಳ ಹೊತ್ತು ಮೌನವಾಗಿತ್ತಂತೆ.

ಕೊನೆಗೆ ಹೆಸರು ಬೇಡವೆಂದೇ ತೀರ್ಮಾನವಾಯಿತು. ದಾನಿ ನೊಂದುಕೊಂಡರು, ಎಂಟರ ಬದಲು ಎರಡು ಬೆಂಚು ಕೊಟ್ಟರು. ಉಳಿದವು ಸುಗ್ಗಿಹಬ್ಬದ ಹರಾಜಿನಿಂದ ಬಂದವು. ಸುಗ್ಗಿಹಬ್ಬವೆಂದರೆ ಭಕ್ತರು ತಮ್ಮ ಬೆಳೆಯ ಪ್ರಥಮ ಫಲವನ್ನು ತಂದೊಪ್ಪಿಸಿ, ಆರಾಧನೆಯ ನಂತರ ಅವನ್ನು ತಾವೇ ಹರಾಜಿನಲ್ಲಿ ಕೊಳ್ಳುವ ದಿನ. ರಾಗಿ, ಅವರೆ, ಕುಂಬಳಕಾಯಿ, ನಾಟಿ ಕೋಳಿ ಎಲ್ಲವೂ ಅಲ್ಲಿ ಸಂತೆಯ ಬೆಲೆಯನ್ನು ಮೀರುತ್ತವೆ. ಒಂದೇ ಹುಂಜ ಮೂರು ಬಾರಿ ಹರಾಜಾಗಿ, ಕೊಂಡವರೆಲ್ಲ ಮರಳಿ ಒಪ್ಪಿಸಿದ್ದೂ ಉಂಟಂತೆ! ಹೀಗೆ ಮೂರು ಸುಗ್ಗಿಗಳು ಕಳೆದವು. ಅಲ್ಲಿಯವರೆಗೆ ಎರಡು ಬೆಂಚುಗಳ ಮೇಲೆ ವೃದ್ಧರು ಕುಳಿತರು. ಉಳಿದವರು, ಊರಿಗೆ ಬಂದಾಗ ಆ ದಾನಿಯೂ, ಚಾಪೆಯ ಮೇಲೆ ಕುಳಿತರು.

ಮುಂದೆ ಆ ಶಿಕ್ಷಕಿಯ ಮಗಳ ಮದುವೆಗೆಂದು ಹೋದಾಗ ನಾನು ಅಂಥದೊಂದು ಬೆಂಚಿನ ಮೇಲೆ ಕುಳಿತೆ. ಮುಂದೆ ಬಲಿಪೀಠವಿರಲಿಲ್ಲ, ಬಿಳಿಯ ಬಟ್ಟೆ ಹಾಸಿದ ಕರ್ತನ ಭೋಜನದ ಮೇಜಿತ್ತು. ಮಕ್ಕಳು ಕೈವಾರದಿಂದ ಹೆಸರು ಕೊರೆದ ಬೆಂಚುಗಳ ನಡುವೆ ಮೂವತ್ತು ವರ್ಷ ಕಳೆದವನು ನಾನು. ಅಭ್ಯಾಸಬಲದಿಂದ ಹಲಗೆಯ ಮೇಲೆ ಕೈಯಾಡಿಸಿದೆ. ನುಣುಪಾಗಿತ್ತು. ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯೊಬ್ಬರು ಸರಿದು, "ಆರಾಮಾಗಿ ಕೂತ್ಕಳಿ ಮೇಷ್ಟ್ರೇ, ನಮ್ದೇ ಬೆಂಚು" ಎಂದರು.