ಕರೆಂಟ್ ಇದ್ದಷ್ಟು ಹೊತ್ತು

ಸಕಲೇಶಪುರದಲ್ಲಿ ಮಳೆ ಹಿಡಿದರೆ ಎರಡೇ ಕೆಲಸ: ಬಿಸಿ ಕಾಫಿ, ಕರೆಂಟ್ ಇದ್ದಷ್ಟು ಹೊತ್ತು ಸಿನಿಮಾ. ಈ ವಾರ ನೋಡಿದ್ದರ ಬಗ್ಗೆ ನನ್ನ ಮೂರು ಕಾಸಿನ ಅಭಿಪ್ರಾಯ.

'ಮುಂಗಾರು ಮಳೆ' (2006): ನಮ್ಮ ಕಡೆಯೂ ಶೂಟಿಂಗ್ ಆಗಿತ್ತು ಅನ್ನೋ ಪ್ರೀತಿ ಇದ್ದೇ ಇದೆ. ಆದರೂ ಅಷ್ಟು ಹೊತ್ತು ನೆನೆದವನ ಕಾಲಿಗೆ ಒಂದೇ ಒಂದು ಇಂಬಳ ಹತ್ತಲಿಲ್ಲವಲ್ಲ! ಮೊಲ ದೇವದಾಸ ಮಾತ್ರ ಇವತ್ತಿಗೂ ಅಳಿಸುತ್ತಾನೆ.

'ಮಾಲ್ಗುಡಿ ಡೇಸ್': ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದದ್ದು. ಈಗಿನ ಧಾರಾವಾಹಿಯಲ್ಲಿ ಅತ್ತೆ ಒಮ್ಮೆ ತಿರುಗಿ ನೋಡುವಷ್ಟರಲ್ಲಿ ಸ್ವಾಮಿ ಶಾಲೆಗೆ ಹೋಗಿ ವಾಪಸ್ ಬಂದಿರುತ್ತಾನೆ.

'ಸು ಫ್ರಮ್ ಸೋ' (2025): ದೆವ್ವಕ್ಕಿಂತ ಊರಿನ ಮಂದಿಯೇ ಮಜಾ. ರವಿಯಣ್ಣನಂಥವರು ನಮ್ಮೂರಲ್ಲೂ ಒಬ್ಬರಿದ್ದಾರೆ.

'ದಿ ಎಲಿಫೆಂಟ್ ವಿಸ್ಪರರ್ಸ್': 2023ರಲ್ಲಿ ಆಸ್ಕರ್ ಗೆದ್ದದ್ದು. ಮರಿಯಾನೆ ರಘುವನ್ನು ನೋಡಿ ಕಣ್ಣು ಒದ್ದೆಯಾಯಿತು. ಆದರೆ ಆಲೂರು, ಸಕಲೇಶಪುರದ ನಾವು ತೋಟಕ್ಕೆ ಹೊರಡುವ ಮುಂಚೆ ಆನೆ ಎಲ್ಲಿದೆ ಅಂತ ಮೊಬೈಲ್ ನೋಡುವವರು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸತ್ತದ್ದೂ ಇಲ್ಲೇ, ಯಸಳೂರು ಕಡೆಯ ಕಾಡಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಆನೆಯ ಸಂಕಟ, ಬೆಳೆಗಾರನ ಸಂಕಟ, ತೋಟದ ಆಳಿನ ಭಯ, ಮೂರನ್ನೂ ಸೇರಿಸಿ ಯಾರಾದರೂ ಒಂದು ಸಿನಿಮಾ ಮಾಡ್ರಪ್ಪಾ. ಟಿಕೆಟ್ ತಗೊಂಡೇ ನೋಡ್ತೀನಿ.