ಕಡಲಾಚೆಗೆ ಹೋದ ಸಮನ್ಸು

ನಮ್ಮ ಗುಂಜಹಳ್ಳಿಯಂತಹ ಊರುಗಳಲ್ಲಿ ಹಿಂದೆ ಸತಿಪತಿಗಳ ವ್ಯಾಜ್ಯವು ಹಿರಿಯರ ಮುಂದೆಯೋ ಮಠದ ಸ್ವಾಮಿಗಳ ಮುಂದೆಯೋ ಬರುತ್ತಿತ್ತು. ಇಬ್ಬರೂ ಎದುರಿಗಿರುತ್ತಿದ್ದರು. ಈಗ ಪತಿ ಅಮೆರಿಕೆಯಲ್ಲಿ, ಸತಿ ತವರಿನಲ್ಲಿ. ಕರೆಸಿ ಕೇಳುವವರಾರು?

ನಮ್ಮ ಬಂಧುಗಳ ಮಗಳೊಬ್ಬಳಿಗೆ ಇಂತಹ ಪ್ರಸಂಗ ಒದಗಿತು. ಅಳಿಯನ ಸುದ್ದಿ ನಿಂತು ಎರಡು ವರ್ಷ ದಾಟಿದ ಮೇಲೆ, ಅಲ್ಲಿನ ಕೋರ್ಟಿನಲ್ಲಿ ವಿಚ್ಛೇದನವಾಯಿತೆಂದು ಒಂದು ಕಾಗದ ಬಂದಿತು. ಎಲ್ಲ ಮುಗಿಯಿತೆಂದು ಮನೆಯವರು ಕುಸಿದರು. ಆಕೆಯ ತಂದೆಯೊಡನೆ ನಾವು ರಾಯಚೂರಿನ ವಕೀಲರನ್ನು ಕಂಡಾಗ, ಮುಗಿದಿಲ್ಲವೆಂದು ತಿಳಿಯಿತು.

1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿದೆ. ಆ ಕಾಯಿದೆಯಲ್ಲಿಲ್ಲದ ಕಾರಣಕ್ಕೆ, ಇನ್ನೊಬ್ಬರು ಒಪ್ಪಿ ಹಾಜರಾಗದಿರುವಾಗ, ಪರದೇಶದ ಕೋರ್ಟು ಕೊಟ್ಟ ವಿಚ್ಛೇದನ ಇಲ್ಲಿ ಸಲ್ಲದೆಂದು ಸುಪ್ರೀಂ ಕೋರ್ಟು 1991ರಲ್ಲಿ ವೈ. ನರಸಿಂಹರಾವ್ ಮೊಕದ್ದಮೆಯಲ್ಲಿ ಹೇಳಿದೆ. ಬರಿಯ ನೋಟಿಸು ತಲುಪಿದರೆ ಸಾಲದು, ಹೋಗಿ ಉತ್ತರಿಸುವ ಅನುಕೂಲವೂ ಇರಬೇಕೆಂಬುದು ಅದರ ಸಾರ. ಪತ್ನಿಯು ತಾನು ವಾಸಿಸುವ ಊರಿನಲ್ಲಿಯೇ ಅರ್ಜಿ ಹಾಕಬಹುದೆಂದು 2003ರಲ್ಲಿ ತಿದ್ದುಪಡಿಯಾಗಿದೆ.

ಆಕೆ ರಾಯಚೂರಿನಲ್ಲಿ ಅರ್ಜಿ ಹಾಕಿದಳು. ಇನ್ನು ಸಮನ್ಸು ಅವನಿಗೆ ತಲುಪಬೇಕು. 1965ರ ಹೇಗ್ ಒಪ್ಪಂದವು ಭಾರತಕ್ಕೆ 2007ರ ಆಗಸ್ಟ್ 1ರಿಂದ ಅನ್ವಯಿಸುತ್ತದೆ. ಅದರಂತೆ ಕಾಗದಗಳು ದೆಹಲಿಯ ಕಾನೂನು ಸಚಿವಾಲಯದ ಮೂಲಕ ಅಮೆರಿಕೆಗೆ ಹೋಗಿ, ಜಾರಿಯಾದ ಪ್ರಮಾಣಪತ್ರ ಹಿಂದಿರುಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ವಿಳಾಸ ಬದಲಾದುದರಿಂದ ಮೊದಲ ಸಲ ಹಾಗೆಯೇ ಮರಳಿತು.

"ಊರಿಗೆ ಗೊತ್ತಿರುವುದೇ ಆಯಿತು, ಅವನಿಗೇಕೆ ತಿಳಿಸಬೇಕು?" ಎಂದು ಹಿರಿಯರೊಬ್ಬರು ಗದರಿದರು. ಆಕೆ ಮೆಲ್ಲಗೆ ಅಂದಳು: "ನನಗ ಹೇಳದ ಮಾಡಿದ್ರು, ಕಾಕಾ. ನಾ ಹಂಗ ಮಾಡಂಗಿಲ್ಲ. ಅವರದೇನೈತಿ, ಅವರೂ ಹೇಳ್ಲಿ."

ಆ ಮಾತು ನಮ್ಮನ್ನು ತಟ್ಟಿತು. ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಎದುರಿಗೇ ತಿದ್ದಿದಳು. ಬೆನ್ನ ಹಿಂದೆ ಆಡಲಿಲ್ಲ. ಕೂಡಿ ಬಾಳುವಾಗ ಇರಬೇಕಾದ ಈ ನೇರತನ ಅಗಲುವಾಗಲೂ ಬೇಡವೆ? ಎರಡನೆಯ ಸಲ ಸಮನ್ಸು ತಲುಪಿತು.

ಪರದೇಶದ ವರನಿಗೆ ಹೆಣ್ಣು ಕೊಡುವ ತಂದೆತಾಯಿಗಳು ವಿವಾಹವನ್ನು ನೋಂದಾಯಿಸಲಿ. ವರನ ಪಾಸ್‌ಪೋರ್ಟು, ವೀಸಾಗಳ ಪ್ರತಿಯನ್ನೂ ಮನೆ, ಕಚೇರಿಗಳ ವಿಳಾಸವನ್ನೂ ಲಗ್ನಪತ್ರಿಕೆಯೊಡನೆ ಕಾದಿರಿಸಲಿ. ಕಷ್ಟ ಬಂದರೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ವಿಭಾಗವಿದೆ. ಕೇಳುವುದರಲ್ಲಿ ಸಂಕೋಚವೇಕೆ? ಹೊಲ ಕೊಳ್ಳುವಾಗ ಪಹಣಿ ನೋಡುವ ನಾವು, ಮಗಳನ್ನು ಕೊಡುವಾಗ ವಿಳಾಸವನ್ನಾದರೂ ನೋಡಬೇಡವೆ?