ಪಂಪು ಪುರಾಣ

ಇಳಿಯುವುದು ನೀರಿನ ಹುಟ್ಟುಗುಣ. ಏರುವುದನ್ನು ನಾವು ಕಲಿಸಬೇಕು. ಹದಿನೆಂಟನೆಯ ಶತಮಾನದಲ್ಲಿ ಪೇಶ್ವೆಯವರು ಕಾತ್ರಜದ ಕೆರೆಯಿಂದ ಪುಣೆಗೆ ನೀರು ತಂದಾಗ ಈ ಹುಟ್ಟುಗುಣವನ್ನೇ ನಂಬಿದರು. ನೆಲದಡಿಯ ಕಾಲುವೆಯಲ್ಲಿ ನೀರು ಇಳಿಜಾರು ಹಿಡಿದು ಊರಿನ ತೊಟ್ಟಿಗಳ ತನಕ ತಾನಾಗಿ ನಡೆದು ಬಂತು. ಪಂಪು ಬೇಕಾಗಲಿಲ್ಲ, ಕರೆಂಟಿನ ಬಿಲ್ಲೂ ಬರಲಿಲ್ಲ. ಆದರೆ ಆ ಕಾಲದ ಪ್ರಜೆಗಳು ಮೂರನೆಯ ಮಹಡಿಯಲ್ಲಿ ನಲ್ಲಿ ತಿರುಗಿಸಿ ನಿಂತವರಲ್ಲ. ನಾವು ನಿಂತವರು.

ಶಿವಾಜಿನಗರದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹನ್ನೆರಡು ಸಂಸಾರಗಳು. ಕಾರ್ಪೊರೇಶನ್ನಿನ ನೀರು ಅಂಗಳದಡಿಯ ತೊಟ್ಟಿಗೆ ಬಂದು ಬೀಳುತ್ತದೆ. ಅಲ್ಲಿಂದ ಪಂಪು ಅದನ್ನು ಮಾಳಿಗೆಯ ಮೇಲಿನ ಟಾಕಿಗೆ ಏರಿಸಬೇಕು. ಬಿ.ಎ.ಗೆ ಕನ್ನಡ ಓದಿದ ನಮಗೆ ಪಂಪನೆಂದರೆ ಆದಿಪುರಾಣವನ್ನು ಬರೆದವನು. ಪಂಪೂ ಒಂದು ಪುರಾಣ ಬರೆಸಬಲ್ಲುದೆಂಬುದು ತಿಳಿದದ್ದು ಕಳೆದ ಬೇಸಿಗೆಯಲ್ಲಿ, ನಮ್ಮ ಮೂರು ಅಶ್ವಶಕ್ತಿಯ ಹಳೆಯ ಮೋಟಾರು ಮೂರನೆಯ ಬಾರಿ ಸುಟ್ಟುಹೋದಾಗ. ಅದು ಯಾವ ಕಂಪೆನಿಯದೆಂಬುದು ಇಲ್ಲಿ ಬೇಡ. ಮುದುಕರ ಊರು ಕೇರಿ ಕೇಳಿ ಆಗಬೇಕಾದ್ದೇನು?

ಸಭೆ ಕೂಡಿತು. ಹನ್ನೆರಡು ಮನೆಗಳಲ್ಲಿ ಮೂರು ಪಕ್ಷಗಳಾದವು. ಮತ್ತೊಮ್ಮೆ ವೈಂಡಿಂಗ್ ಮಾಡಿಸಿದರೆ ಸಾಕೆಂಬುದು ಮೊದಲನೆಯ ಪಕ್ಷ. ಐದು ಅಶ್ವಶಕ್ತಿಯದನ್ನೇ ತಂದರೆ ಟಾಕಿ ಚಿಟಿಕೆ ಹೊಡೆಯುವುದರೊಳಗೆ ತುಂಬುತ್ತದೆಂಬುದು ಎರಡನೆಯದು. ಹೊಸ ಪಂಪಿಗೆ ತಾನೇ ಹತ್ತಿ ತಾನೇ ಆರುವ ಸ್ವಿಚ್ಚು ಕೂಡಿಸಿ, ಪಂಪು ಬಿಡುವ ಕಾಕಾರ ಪಗಾರ ಉಳಿಸೋಣವೆಂಬುದು ಮೂರನೆಯದು. ಈ ಮೂರನೆಯ ಮಾತು ಬಂದಾಗ ಕಾಕಾ ಬಾಗಿಲ ಹೊರಗೆ ನಿಂತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ಸಂಜೆ ಬಂದು ಪಂಪು ಹಚ್ಚಿ ಆರಿಸುವವರು ಅವರೇ.

ಸರ್ಕಾರಿ ಗುಮಾಸ್ತರಾದ ನಮಗೆ ಲೆಕ್ಕವಿಲ್ಲದೆ ಕೈ ಎತ್ತುವ ಅಭ್ಯಾಸವಿಲ್ಲ. ಒಂದು ವಾರದ ಗಡುವು ಪಡೆದು, ಹಗ್ಗಕ್ಕೆ ಕಲ್ಲು ಕಟ್ಟಿ, ಮಾಳಿಗೆಯಿಂದ ತೊಟ್ಟಿಯ ತಳದವರೆಗೆ ಅಳೆದೆವು. ಹದಿನೈದು ಮೀಟರು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರು ಬೇಕೆಂಬುದು ಸರ್ಕಾರದ ಅಳತೆ. ಐವತ್ತು ಜನಕ್ಕೆ 6,750 ಲೀಟರಾಯಿತು. ಬಂದು ಹೋಗುವ ನೆಂಟರನ್ನೂ ತುಳಸಿಕಟ್ಟೆಯನ್ನೂ ಸೇರಿಸಿ 8,000 ಎಂದಿಟ್ಟುಕೊಂಡೆವು. ಇಷ್ಟು ನೀರನ್ನು ಅಷ್ಟೆತ್ತರಕ್ಕೆ ಏರಿಸಲು ಪುಸ್ತಕದ ಪ್ರಕಾರ ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲು ಕರೆಂಟು ಸಾಕು! ಸಣ್ಣ ಪಂಪುಗಳಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ, ಸುಳಿಯಾಗಿ ಪೋಲಾಗುತ್ತದೆ. ಅದನ್ನೂ ಕೊಳವೆಯ ತಿಕ್ಕಾಟವನ್ನೂ ಹಿಡಿದು ಒಂದೂವರೆ ಯೂನಿಟ್ ಎನ್ನೋಣ. ನಮ್ಮ ಹಳೆಯ ಮಹಾಶಯ ದಿನಕ್ಕೆ ಐದು ಯೂನಿಟ್ ಉಣ್ಣುತ್ತಿದ್ದ.

ಐದು ಅಶ್ವಶಕ್ತಿಯವರಿಗೂ ಉತ್ತರ ಸಿಕ್ಕಿತು. ಕೊಳವೆ ಅದೇ ಇದ್ದು ನೀರಿನ ಓಟ ಎರಡರಷ್ಟಾದರೆ, ತಿಕ್ಕಾಟ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಓಣಿಯಲ್ಲಿ ಐದು ಕುದುರೆಯ ರಥ ಓಡಿಸಿದರೆ ಗೋಡೆ ತರಚುವುದೇ ಹೊರತು ಬೇಗ ಮುಟ್ಟುವುದಿಲ್ಲ. ನಮಗೆ ಒಂದು ಕುದುರೆ ಸಾಕು.

ಅದೇ ದಿನಗಳಲ್ಲಿ ಅಮೆರಿಕದಲ್ಲಿರುವ ನಮ್ಮ ಭಾವನವರ ಫೋನು ಬಂತು. ಅವರ ಹಿತ್ತಲಲ್ಲಿ ಈಜುಕೊಳವುಂಟು. ಅವರೂ ಪಂಪು ಬದಲಿಸುತ್ತಿದ್ದರು. ಆ ದೇಶದಲ್ಲಿ 2021ರ ಜುಲೈಯಿಂದ ಹೊಸ ಕೊಳದ ಪಂಪುಗಳಿಗೆ ಮಿತವ್ಯಯದ ನಿಯಮ ಬಂದಿದೆ. ದೊಡ್ಡವುಗಳಲ್ಲಿ ಬಹುಮಟ್ಟಿಗೆ ವೇಗ ತಗ್ಗಿಸಬಲ್ಲವೇ ಸಿಗುತ್ತವೆ. ವೇಗವನ್ನು ಅರ್ಧಕ್ಕಿಳಿಸಿದರೆ ನೀರಿನ ಓಟವೂ ಅರ್ಧವಾಗುತ್ತದೆ, ಕರೆಂಟು ಮಾತ್ರ ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಎರಡರಷ್ಟು ಹೊತ್ತು ಓಡಿಸಿದರೂ ಲಾಭವೇ. "ನೀವೂ ಅದನ್ನೇ ಹಾಕಿಸಿರಿ" ಎಂದರು ಭಾವ. ಆದರೆ ಅವರ ನೀರು ಕೊಳದಿಂದ ಸೋಸುವ ಪಾತ್ರೆಗೆ ಹೋಗಿ ಮತ್ತೆ ಕೊಳಕ್ಕೇ ಬರುವ ಪ್ರದಕ್ಷಿಣೆಯ ನೀರು. ನಮ್ಮದು ಬೆಟ್ಟ ಹತ್ತಬೇಕಾದ ನೀರು. ವೇಗ ಒಂದು ಮಟ್ಟಕ್ಕಿಂತ ಇಳಿದರೆ ಅರ್ಧ ಕೊಳವೆಯಲ್ಲೇ ನಿಂತು, ಪಂಪು ಸುಮ್ಮನೆ ತಿರುಗುತ್ತಿರುತ್ತದೆ. ಭಾವನ ಅಂಗಿ ಎಷ್ಟು ಚೆಲುವಾದರೂ ನಮ್ಮ ಮೈಗೆ ಅಳೆದೇ ತೊಡಬೇಕು.

ಅಂಗಡಿಗೆ ಹೋದಾಗ ಸಾಲಾಗಿ ಕುಳಿತ ಪಂಪುಗಳನ್ನು ಕಂಡು ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ. ಈ ನಾಡಿನ ಪಂಪು ಉದ್ಯಮದಲ್ಲಿ ದೊಡ್ಡ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ಹೊಟ್ಟೆಪಾಡಿಗೆ ಗಡಿ ದಾಟಿದವರಲ್ಲಿ ನಾವೇ ಮೊದಲಿಗರಲ್ಲ.

ಇನ್ನು ಕಾಕಾರ ಮಾತು. ನಮ್ಮ ಲೆಕ್ಕದಲ್ಲಿ ತಿಂಗಳಿಗೆ ನೂರು ಯೂನಿಟ್ ಉಳಿಯುತ್ತಿತ್ತು. ಅದರ ಹಣ ಕಾಕಾರ ಪಗಾರದ ಅರ್ಧಕ್ಕೆ ಬರುತ್ತದೆ, ಪೂರ್ತಿಗಲ್ಲ. ಕರೆಂಟಿನಿಂದ ಉಳಿಸಬೇಕೋ, ಮನುಷ್ಯನಿಂದ ಉಳಿಸಬೇಕೋ? ಅಂದು ರಾತ್ರಿ ಊಟಕ್ಕೆ ಕುಳಿತಾಗ ಈ ಪ್ರಶ್ನೆಯನ್ನೇ ಎತ್ತಿದೆವು. ನಮ್ಮ ಮನೆಯವರು ಅನ್ನ ಬಡಿಸುತ್ತ, "ಹೋದ ವರ್ಷ ಟಾಕಿ ಸೋರಿದ್ದನ್ನು ಮೊದಲು ಕಂಡವರು ಯಾರು, ಅದನ್ನೂ ಬರೆದುಕೊಳ್ಳಿರಿ" ಎಂದರು.

ಮರುದಿನ ಕಾಕಾರನ್ನೇ ವಿಚಾರಿಸಿದೆವು. "ಸಾಹೇಬ, ಆ ಸ್ವಿಚ್ಚು ನನಗಿಂತ ಚೆನ್ನಾಗಿ ಹಚ್ಚುತ್ತದೆ, ಆರಿಸುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ," ಎಂದರು. "ಆದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕರೆ ಪಂಪಿನ ದನಿ ಬದಲಾಗುತ್ತದೆ, ಅದು ನನ್ನ ಕಿವಿಗೆ ಗೊತ್ತು. ಮೇಲೆ ನೀರು ಸೋರುತ್ತಿದ್ದರೆ ನಾನು ಬೈಯುತ್ತೇನೆ. ಸ್ವಿಚ್ಚು ಬೈಯುವುದಿಲ್ಲ, ಮತ್ತೆ ಮತ್ತೆ ತುಂಬಿಸುತ್ತದೆ."

ಮಾತು ನಿಜ. ನೀರಿನ ವ್ಯವಸ್ಥೆ ಕೈಕೊಟ್ಟರೆ ಏನಾಗುತ್ತದೆಂಬುದನ್ನು ಪುಣೆಗೆ ಯಾರೂ ಹೇಳಬೇಕಿಲ್ಲ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಖಡಕವಾಸಲೆಯ ಕಟ್ಟೆಯೂ ಒಡೆದಾಗ, ಊರಿನ ನಲ್ಲಿಗಳು ಬರಿದಾದವು. ಆಗ ಕೈಹಿಡಿದದ್ದು ಮರೆತುಬಿಟ್ಟಿದ್ದ ಹಳೆಯ ಬಾವಿಗಳು.

ಸಭೆಯಲ್ಲಿ ಲೆಕ್ಕವನ್ನೂ ಓದಿದೆವು, ಕಾಕಾರ ಮಾತನ್ನೂ ಓದಿದೆವು. ಏಳಕ್ಕೆ ಐದು ಮತಗಳಿಂದ ಗೊತ್ತುವಳಿ ಅಂಗೀಕಾರವಾಯಿತು: ಒಂದು ಅಶ್ವಶಕ್ತಿಯ ಹೊಸ ಪಂಪು, ಅದಕ್ಕೆ ತಾನೇ ಆರುವ ಸ್ವಿಚ್ಚು, ಮತ್ತು ಕಾಕಾ. ಕರೆಂಟಿನಲ್ಲಿ ಉಳಿದದ್ದು ಅವರ ಪಗಾರಕ್ಕೆ. ಉಳಿದರ್ಧ ಮನೆ ಮನೆಯ ವಂತಿಗೆಯಿಂದ. ತೊಟ್ಟಿ ತೊಳೆಸುವುದು, ವಾಲ್ವು ನೋಡುವುದು, ಮೀಟರು ಬರೆದಿಡುವುದು ಈಗ ಅವರ ಕೆಲಸ. ವಿರೋಧಿಸಿದ ಐವರಲ್ಲಿ ಇಬ್ಬರು ಇಂದಿಗೂ ವಂತಿಗೆಯನ್ನು ಗೊಣಗಿಯೇ ಕೊಡುತ್ತಾರೆ. ಅವರ ಸಂಸಾರದ ಲೆಕ್ಕವೂ ನಮಗೆ ತಿಳಿಯದ್ದಲ್ಲ; ದೂರುವುದಿಲ್ಲ.

ವಾಚಕರ ಸೊಸೈಟಿಗಳಲ್ಲಿಯೂ ಪಂಪುಗಳು ಸುಡುತ್ತವೆ. ಹೊಸದನ್ನು ತರುವ ಮುನ್ನ ಎತ್ತರವನ್ನೊಮ್ಮೆ ಅಳೆಯಿರಿ. ನೀರಿನ ಖರ್ಚನ್ನು ಎಣಿಸಿರಿ. ಹಳೆಯದರ ಪಕ್ಕದಲ್ಲಿ ಇಷ್ಟು ವರ್ಷ ನಿಂತವರನ್ನು ಒಂದು ಮಾತು ಕೇಳಿರಿ. ಮೊದಲಿನ ಎರಡಕ್ಕೆ ಹಗ್ಗ, ಕಾಗದ ಸಾಕು. ಮೂರನೆಯದಕ್ಕೆ ಅವು ಯಾವುವೂ ಬೇಡ.